ಕಡಲಿನ ಚಾತುರ್ಮಾಸ್ಯ



ಆಷಾಢ ಶುದ್ಧ ಏಕಾದಶಿ ಬಂದೊಡನೆ ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯದ ನಿಯಮಗಳು ಮೊದಲಾಗುತ್ತವೆ. ಮೊದಲ ಮಾಸ ಶಾಕವನ್ನೂ, ಅನಂತರ ಕ್ರಮವಾಗಿ ಮೊಸರು, ಹಾಲು, ದ್ವಿದಳಗಳನ್ನೂ ತ್ಯಜಿಸುತ್ತೇವೆ. ಇದೇ ಮಳೆಗಾಲದಲ್ಲಿ ಕರಾವಳಿಯ ಮೀನುಗಾರರೂ ಒಂದು ನಿಯಮಕ್ಕೆ ಒಳಪಡುವರೆಂಬುದನ್ನು ಯಡ್ರಾಮಿಯ ನಾವು ಅಷ್ಟಾಗಿ ಬಲ್ಲವರಲ್ಲ.

ಶ್ರೀಮದಾಚಾರ್ಯರಿಗೆ ಗೋಪೀಚಂದನದೊಳಗೆ ಶ್ರೀಕೃಷ್ಣಪ್ರತಿಮೆ ದೊರೆತ ಪುಣ್ಯತೀರ ಮಲ್ಪೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳು ಸಂತಾನ ವೃದ್ಧಿಸಿಕೊಳ್ಳಲೆಂದು ವಿಧಿಸಿದ ನಿಷೇಧವಿದು. ಕುಂದಾಪುರ, ಹೊನ್ನಾವರಗಳ ತೀರದಲ್ಲಿ ಕಡಲಾಮೆಗಳು ಮರಳಿನಲ್ಲಿಟ್ಟ ಮೊಟ್ಟೆಗಳನ್ನು ಕಾಯುವುದಕ್ಕೂ ಮೀನುಗಾರರು ಅರಣ್ಯ ಇಲಾಖೆಗೆ ನೆರವಾಗುತ್ತಾರೆ.

ನಾವು ಬಿಡುವುದು ನಾಲಗೆಯ ರುಚಿಯನ್ನು. ಅವರು ಬಿಡುವುದು ದಿನದ ದುಡಿಮೆಯನ್ನು. ಹೀಗಿರಲು, ಅವರು ಕಾಯ್ದ ಕಡಲಿಗೆ ಊರೂರಿನ ಕೊಳೆ ಸೇರುವುದು ನ್ಯಾಯವೇ? ವ್ರತ ಒಬ್ಬರದು, ಅಪಚಾರ ಮತ್ತೊಬ್ಬರದು ಆಗಬಾರದು. ಕಡಲು ನಮಗೆ ದೂರವೆನ್ನುವಂತಿಲ್ಲ. ನಮ್ಮ ಸೀಮೆಯ ಭೀಮೆ ಕೃಷ್ಣೆಯನ್ನು ಕೂಡಿ ಪೂರ್ವಸಮುದ್ರವನ್ನು ಸೇರುತ್ತಾಳೆ. ಇಲ್ಲಿ ಹೊಳೆಗೆಸೆದ ಪ್ಲಾಸ್ಟಿಕ್ ಚೀಲ ಅಲ್ಲಿಯ ಬೆಸ್ತರ ಬಲೆಗೆ ಬೀಳಬಹುದು.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ಇನ್ನೊಂದು ತ್ಯಾಗವನ್ನು ಸಂಕಲ್ಪಿಸೋಣ. ನಿರ್ಮಾಲ್ಯವನ್ನು ಚೀಲಸಹಿತ ನದಿಗೆ ಬಿಡದೆ ಗಿಡದ ಬುಡದ ಮಣ್ಣಿಗೆ ಸೇರಿಸೋಣ. ಉಡುಪಿಯ ಯಾತ್ರೆಗೆ ಹೋದಾಗ ಮಲ್ಪೆಯ ಮರಳಿನಲ್ಲಿ ಕಸವನ್ನು ಬಿಟ್ಟು ಬಾರದಿರೋಣ. ಮತ್ಸ್ಯರೂಪದಿಂದ ಅವತರಿಸಿದ ಶ್ರೀಹರಿಯು ಜಲಚರಗಳಲ್ಲಿಯೂ ಅಂತರ್ಯಾಮಿಯಾಗಿದ್ದಾನೆ. ಅವನ ಆವಾಸವನ್ನು ಶುಚಿಯಾಗಿಡುವುದೂ ಅವನ ಪೂಜೆಯೇ.

ಶ್ರೀಕೃಷ್ಣಾರ್ಪಣಮಸ್ತು.