ನಾಲ್ಕು ಕುರ್ಚಿಯ ಲೆಕ್ಕ

ಹಾಕಿ ಅಂದ ತಕ್ಷಣ ನಮ್ಮಲ್ಲಿ ಕೊಡಗು ನೆನಪಾಗುತ್ತೆ, ಧನರಾಜ್ ಪಿಳ್ಳೆ ನೆನಪಾಗ್ತಾರೆ. ನಾನು ಹೇಳಹೊರಟಿರೋದು ಆ ಹಾಕಿ ಅಲ್ಲ. ಮಂಜುಗಡ್ಡೆಯ ಅಂಗಳದಲ್ಲಿ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆ ಹೊಡೆದಾಡುವ ಐಸ್ ಹಾಕಿ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ನನಗೆ ಅದರ ಗಂಧಗಾಳಿ ಇರಲಿಲ್ಲ. 2012ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಅನ್ನೋ ಊರಲ್ಲಿ, ಒಂದು ಹಳೇ ಸ್ಟೇಡಿಯಮ್ಮಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡೂ ನಡುಗುತ್ತಾ ನಿಂತು, ಮೊದಲ ಸಲ ನೋಡಿದೆ.

ಬೀಲ್ ಗಡಿಯಾರಗಳ ಊರು. ಅರ್ಧ ಊರು ಜರ್ಮನ್ ಮಾತಾಡುತ್ತೆ, ಇನ್ನರ್ಧ ಫ್ರೆಂಚ್. ಬೀದಿಯ ಹೆಸರುಗಳೂ ಎರಡೆರಡು. ನನ್ನನ್ನು ಅಲ್ಲಿಗೆ ಕಳಿಸಿದ್ದು ಕಂಪನಿ, ಹನ್ನೊಂದು ತಿಂಗಳ ಮಟ್ಟಿಗೆ. ಪಂದ್ಯಕ್ಕೆ ಕರೆದುಕೊಂಡು ಹೋದವರು ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು. ಐವತ್ತೈದು ದಾಟಿದವರು. ದಿನಾ ನನಗೆ ಕೆಲಸ ಕಲಿಸ್ತಿದ್ದರಿಂದ ಮನಸ್ಸಿನಲ್ಲೇ ಅವರಿಗೆ ಮೇಷ್ಟ್ರು ಅಂತ ಹೆಸರಿಟ್ಟಿದ್ದೆ. ಇಲ್ಲೂ ಹಾಗೇ ಕರೀತೀನಿ.

ಅವತ್ತು ಊರಿಗೆ ಊರೇ ಸ್ಟೇಡಿಯಮ್ಮಿಗೆ ಬಂದಂತಿತ್ತು. ಕಾರಣ ಇಬ್ಬರು ಹುಡುಗರು. ಶಿಕಾಗೋ ತಂಡದ ಪ್ಯಾಟ್ರಿಕ್ ಕೇನ್, ಬೋಸ್ಟನ್ ತಂಡದ ಟೈಲರ್ ಸೆಗಿನ್. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದ್ರೆ, ಕೊಹ್ಲಿ ಬಂದು ಒಂದು ಸೀಸನ್ ಮಂಡ್ಯದ ಕ್ಲಬ್ಬಿಗೆ ಆಡಿದ ಹಾಗೆ. ಅಂಥವರು ಈ ಚಿಕ್ಕ ಊರಿನ ತಂಡದಲ್ಲಿ ಯಾಕಿದ್ದರು ಅಂದ್ರೆ, ಅವರ ಸ್ವಂತ ಅಂಗಳಕ್ಕೆ ಬೀಗ ಬಿದ್ದಿತ್ತು.

ಅಮೆರಿಕ, ಕೆನಡಾಗಳ ದೊಡ್ಡ ಲೀಗ್ ಎನ್‌ಎಚ್‌ಎಲ್. ಆಗ ಅದರಲ್ಲಿ 30 ತಂಡಗಳು, ವರ್ಷದ ಆದಾಯ ಸುಮಾರು 330 ಕೋಟಿ ಡಾಲರ್. ಆ ಆದಾಯದಲ್ಲಿ ಆಟಗಾರರಿಗೆಷ್ಟು, ಮಾಲೀಕರಿಗೆಷ್ಟು ಅನ್ನೋದೇ ಜಗಳ. ಹಳೇ ಒಪ್ಪಂದದಲ್ಲಿ ಆಟಗಾರರ ಪಾಲು ಶೇಕಡಾ 57. ಮಾಲೀಕರು ಮೊದಲು ಮುಂದಿಟ್ಟದ್ದು ಸುಮಾರು 43. ಸೆಪ್ಟೆಂಬರ್ ಮಧ್ಯದಲ್ಲಿ ಒಪ್ಪಂದ ಮುಗಿಯಿತು, ಮಾಲೀಕರು ಲಾಕೌಟ್ ಘೋಷಿಸಿದರು. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಬೀಗಮುದ್ರೆ. ಇದನ್ನ ಮುಷ್ಕರ ಅಂತ ತಪ್ಪು ತಿಳೀಬಾರದು. ಮುಷ್ಕರದಲ್ಲಿ ಕೆಲಸಗಾರ ಕೈಕಟ್ಟಿ ಕೂರ್ತಾನೆ. ಬೀಗಮುದ್ರೆಯಲ್ಲಿ ಕೆಲಸಗಾರ ಗೇಟಿನವರೆಗೆ ಬಂದಿರ್ತಾನೆ, ಮಾಲೀಕ ಒಳಗೆ ಬಿಡಲ್ಲ.

ಇದು ಹೊಸದೂ ಅಲ್ಲ. 2004–05ರಲ್ಲಿ ಇದೇ ಲೀಗಿನ ಇಡೀ ಸೀಸನ್ ಹೀಗೇ ಬೀಗದ ಹಿಂದೆ ಕಳೆದುಹೋಗಿತ್ತು. ಆ ವರ್ಷ 388 ಆಟಗಾರರು ಯುರೋಪಿನ ಲೀಗುಗಳಿಗೆ ಹೋಗಿ ಆಡಿದ್ದರು. 2012ರಲ್ಲೂ ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಒವೆಚ್ಕಿನ್ ಮಾಸ್ಕೋಗೆ, ಜೆಟ್ಟರ್‌ಬರ್ಗ್ ಝೂಗ್‌ಗೆ, ಜೋ ಥಾರ್ನ್‌ಟನ್ ಮತ್ತು ರಿಕ್ ನ್ಯಾಶ್ ಎಂಟು ವರ್ಷದ ಹಿಂದೆ ಆಡಿದ್ದ ಅದೇ ದಾವೋಸ್‌ಗೆ.

ಇದೆಲ್ಲ ಮೇಷ್ಟ್ರೇ ಹೇಳಿದ್ದು. ನನಗೆ ಕೇಳಿದ ತಕ್ಷಣ ಆಟಗಾರರ ಮೇಲೆ ಪ್ರೀತಿ ಬಂತು. ವರ್ಷಕ್ಕೆ ಸರಾಸರಿ 20 ಲಕ್ಷ ಡಾಲರಿಗೂ ಮೇಲೆ ದುಡಿಯೋರ ಮೇಲೆ ಅಯ್ಯೋ ಅನ್ನೋದು ವಿಚಿತ್ರವೇ. ಆದರೂ ಯೋಚಿಸಿ: ಆಟಗಾರನ ಮೈಯಲ್ಲಿ ಆಟ ಇರೋದು ಹತ್ತು-ಹನ್ನೆರಡು ವರ್ಷ. ಅದರಲ್ಲಿ ಒಂದು ವರ್ಷ ಹೋದರೆ ವಾಪಸ್ ಬರಲ್ಲ. ಮಾಲೀಕನಿಗೆ ಬೇರೆ ವ್ಯಾಪಾರ ಇರುತ್ತೆ, ಕಾಯಬಹುದು. ಹೊರಗೆ ಬೇರೆ ಕೆಲಸ ಸಿಗುತ್ತೆ ಅನ್ನೋ ಧೈರ್ಯ ಇದ್ದರೇನೇ ಕೆಲಸಗಾರ ಮಾತುಕತೆಯ ಮೇಜಿನಲ್ಲಿ ತಲೆ ಎತ್ತಿ ಕೂರೋಕೆ ಆಗೋದು. ‘ಇವರು ಇಲ್ಲಿಗೆ ಬಂದದ್ದು ಒಳ್ಳೇದೇ ಆಯ್ತು ಅಲ್ವಾ?’ ಅಂದೆ.

ಮೇಷ್ಟ್ರು ಅಂಗಳದ ಕಡೆ ನೋಡ್ತಾನೇ ಕೇಳಿದರು: ‘ಈ ಲೀಗಿನಲ್ಲಿ ಒಂದು ಪಂದ್ಯಕ್ಕೆ ಎಷ್ಟು ಜನ ವಿದೇಶಿಗಳನ್ನ ಆಡಿಸಬಹುದು, ಗೊತ್ತಾ?’

ಗೊತ್ತಿರಲಿಲ್ಲ.

‘ನಾಲ್ಕು. ನಾಲ್ಕೇ ಕುರ್ಚಿ. ಹೊಸಬರಿಬ್ಬರು ಬಂದು ಕೂತರೆ ಮಿಕ್ಕ ವಿದೇಶಿಗಳಿಗೆಲ್ಲ ಸೇರಿ ಉಳಿಯೋದು ಎರಡು.’

ಅಷ್ಟು ಹೇಳಿ ಅವರು ಚಪ್ಪಾಳೆ ತಟ್ಟೋಕೆ ಶುರು ಮಾಡಿದರು. ಕೇನ್ ಅಷ್ಟು ಚೆಂದದ ಪಾಸ್ ಕೊಟ್ಟಿದ್ದ.

ಆ ಕುರ್ಚಿಯ ಲೆಕ್ಕ ನನ್ನ ತಲೆಯಲ್ಲಿ ಕೂತುಬಿಡ್ತು. ಯುರೋಪಿನ ಈ ಲೀಗುಗಳಲ್ಲಿ ಆಡುವ ವಿದೇಶಿಯರು ಹೆಚ್ಚಾಗಿ ದೊಡ್ಡ ಲೀಗಿನ ಬಾಗಿಲವರೆಗೆ ಹೋಗಿ ಒಳಗೆ ನಿಲ್ಲಲಾಗದೆ ಬಂದವರು. ಮೂವತ್ತು ದಾಟಿದವರು, ಸಂಸಾರ ಕಟ್ಟಿಕೊಂಡು ಇಲ್ಲೇ ಬಾಡಿಗೆ ಮನೆ ಮಾಡಿದವರು. ದೊಡ್ಡ ಲೀಗಿನ ಜಗಳದಲ್ಲಿ ಅವರಿಗೆ ಪಾಲಿಲ್ಲ, ಮಾತುಕತೆಯ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಇಲ್ಲ. ಆದರೆ ಆ ಜಗಳ ನಡೆದಷ್ಟು ದಿನ ಹೊರಗೆ ಕೂರೋ ಭಯ ಅವರಿಗೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತೀವಲ್ಲ, ಇಲ್ಲಿ ಬಡವಾದದ್ದು ಪಕ್ಕದ ಮನೆಯ ಕೂಸು.

ಹಾಗಾದರೆ ಕೇನ್ ತಪ್ಪು ಮಾಡಿದನಾ? ಈ ಪ್ರಶ್ನೆಯನ್ನ ನಾನು ಬಹಳ ದಿನ ಹೊರಳಿಸಿದ್ದೀನಿ. ಅವನ ಪರವಾದ ವಾದಗಳು ಗಟ್ಟಿ. ಯಾರ ಕೈಯಿಂದಲೂ ಅವನು ಕೆಲಸ ಕಿತ್ತುಕೊಳ್ಳಲಿಲ್ಲ, ಕ್ಲಬ್ಬು ಕರೀತು, ಬಂದ. ಸ್ಟೇಡಿಯಂ ತುಂಬಿತು, ಟಿಕೆಟ್ಟು ಮಾರುವವನಿಗೂ ಸಾಸೇಜು ಮಾರುವವನಿಗೂ ವ್ಯಾಪಾರ ಆಯ್ತು. ಸ್ಥಳೀಯ ಹುಡುಗರು ಅಂಥವನ ಪಕ್ಕದಲ್ಲಿ ನಿಂತು ಕಲಿತರು. ಇಷ್ಟಕ್ಕೂ ಆಟದಲ್ಲಿ ಜಾಗ ಯಾರಪ್ಪನ ಆಸ್ತಿಯೂ ಅಲ್ಲ, ಚೆನ್ನಾಗಿ ಆಡುವವನಿಗೆ ಸಿಗಬೇಕು. ಇದರಲ್ಲಿ ಒಂದನ್ನೂ ನನಗೆ ತಳ್ಳಿಹಾಕೋಕೆ ಆಗಲಿಲ್ಲ.

ಆದರೂ ಸಮಾಧಾನ ಆಗಲಿಲ್ಲ. ಯಾಕೆ ಅಂತ ಹೊಳೆದದ್ದು ಸ್ವೀಡನ್ನಿನ ಸುದ್ದಿ ತಿಳಿದಾಗ.

ಸ್ವೀಡನ್ನಿನ ಮೇಲ್ದರ್ಜೆಯ ಕ್ಲಬ್ಬುಗಳು ಒಂದು ನಿಲುವು ತಗೊಂಡಿದ್ದವು: ಬೀಗ ಬಿದ್ದಿದೆ ಅಂತ ನಾಲ್ಕು ದಿನಕ್ಕೆ ಬಂದು ಹೋಗುವವರಿಗೆ ಒಪ್ಪಂದ ಇಲ್ಲ. ಬರೋದಾದರೆ ಇಡೀ ಸೀಸನ್ನಿಗೆ ಬನ್ನಿ. ಇದು ಸ್ಪರ್ಧೆಗೆ ಅಡ್ಡಿ, ನಿಲ್ಲಿಸಿ ಅಂತ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಸೆಪ್ಟೆಂಬರಿನಲ್ಲೇ ಆದೇಶ ಕೊಟ್ಟಿತು. ವಿಷಯ ಮಾರುಕಟ್ಟೆ ನ್ಯಾಯಾಲಯಕ್ಕೆ ಹೋಗಿ, ಡಿಸೆಂಬರಿನಲ್ಲಿ ತೀರ್ಪು ಹಾಕಿ ಸಂಘದ ಪರವಾಗಿ ಬಂತು. ಕಾನೂನು ತಿಳಿದವರೇ ಎರಡು ಕಡೆ ನಿಂತಿದ್ದರು ಅಂದ ಮೇಲೆ ಇದು ಸುಲಭದ ಪ್ರಶ್ನೆ ಅಲ್ಲ ಅನ್ನೋದಂತೂ ಖಾತ್ರಿ.

ನನಗೆ ಹಿಡಿಸಿದ್ದು ಆ ನಿಯಮದ ಒಳಗಿನ ಬುದ್ಧಿ. ಅದು ಹೊರಗಿನವರು ಬರಬೇಡಿ ಅನ್ನಲಿಲ್ಲ. ನಿಮಗಿಂತ ಕಡಿಮೆ ಆಡುವವನಿಗೇ ಜಾಗ ಅಂತಲೂ ಅನ್ನಲಿಲ್ಲ. ಅದು ಹೇಳಿದ್ದು ಇಷ್ಟೇ: ಇಲ್ಲಿ ಕೂರೋದಾದರೆ ಇಲ್ಲಿಯ ಚಳಿಯನ್ನೂ ಪೂರ್ತಿ ಅನುಭವಿಸಿ. ಜಾಗ ತಗೊಳ್ಳೋದು ಒಂದು. ಆ ಕಡೆ ಇನ್ನೊಂದು ಜಾಗ ಇಟ್ಟುಕೊಂಡೇ ಈ ಕಡೆಯದನ್ನೂ ತಗೊಳ್ಳೋದು ಬೇರೆ. ಹೊರಗೆ ಕೂತವನಿಗೆ ಅದೊಂದೇ ಕುರ್ಚಿ. ಒಳಗೆ ಬಂದವನಿಗೆ ಅದು ಎರಡನೆಯದು, ಬಾಗಿಲು ತೆರೆದ ದಿನ ಬಿಟ್ಟು ಹೋಗಬಹುದಾದದ್ದು. ಇಬ್ಬರೂ ಕೆಲಸಗಾರರೇ, ಇಬ್ಬರ ಮೇಲೂ ಯಾರೋ ಮಾಲೀಕರಿದ್ದಾರೆ. ಆದರೆ ಇಬ್ಬರ ಅಪಾಯ ಒಂದೇ ಅಲ್ಲ.

ಯಾಗ್ರ್ ಕಥೆ ಇಲ್ಲಿ ಹೇಳಬೇಕು. ಯಾರೊಮಿರ್ ಯಾಗ್ರ್ ಬೀಗ ಬಿದ್ದಾಗ ಹೋಗಿದ್ದು ತನ್ನೂರು ಕ್ಲಾಡ್ನೊಗೆ. ಪ್ರಾಗ್ ಹತ್ತಿರದ ಉಕ್ಕಿನ ಊರು ಅದು. ತಮಾಷೆ ಅಂದ್ರೆ, ಆ ಕ್ಲಬ್ಬಿನ ಮಾಲೀಕನೂ ಅವನೇ. ಅಮೆರಿಕದಲ್ಲಿ ಮಾಲೀಕರ ಎದುರು ಬೀದಿಗೆ ಬಿದ್ದ ಆಟಗಾರ, ಮನೆಗೆ ಬಂದರೆ ತಾನೇ ಮಾಲೀಕ! ಜನವರಿಯಲ್ಲಿ ಬಾಗಿಲು ತೆರೆದಾಗ ಅವನೂ ಎಲ್ಲರಂತೆ ವಾಪಸ್ ಹೋದ. ಆದರೆ 2018ರಲ್ಲಿ ದೊಡ್ಡ ಲೀಗಿನ ಆಟ ಮುಗಿಸಿ ಕ್ಲಾಡ್ನೊಗೆ ಮರಳಿದ. ಕೆಳದರ್ಜೆಗೆ ಇಳಿದಿದ್ದ ಆ ತಂಡ 2019ರಲ್ಲಿ ಮೇಲಿನ ದರ್ಜೆಗೆ ಏರಿದಾಗ, 47ನೇ ವಯಸ್ಸಿನಲ್ಲಿ ತಾನೂ ಆಡ್ತಿದ್ದ. ಎಲ್ಲರೂ ಹೀಗೇ ಮಾಡಬೇಕು ಅಂತಲ್ಲ. ಎಲ್ಲರಿಗೂ ಸ್ವಂತ ಕ್ಲಬ್ ಇರಲ್ಲ. ಆದರೆ ಹೋದವನು ಏನನ್ನೋ ಬಾಕಿ ಉಳಿಸಿ ಹೋಗಿರ್ತಾನೆ ಅನ್ನೋದಕ್ಕೆ ಅವನ ವಾಪಸಾತಿ ನನಗೊಂದು ಗುರುತು.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಮಾತಿದೆ, ಋಣ. ತಪ್ಪು ಬೇರೆ, ಋಣ ಬೇರೆ. ತಂದೆತಾಯಿಯ ಋಣ, ಅನ್ನದ ಋಣ ಅನ್ನುವಾಗ ನಾವು ಯಾವ ಅಪರಾಧವನ್ನೂ ಒಪ್ಪಿಕೊಳ್ತಿರಲ್ಲ. ತಪ್ಪು ಮಾಡದೆಯೂ ಋಣಿಯಾಗಬಹುದು. ನಮ್ಮ ವಾದ-ವಿವಾದಗಳೆಲ್ಲ ‘ಯಾರ ತಪ್ಪು’ ಅನ್ನೋದರಲ್ಲೇ ಮುಗಿದುಹೋಗುತ್ತೆ. ಕೇನ್ ತಪ್ಪು ಅಲ್ಲ, ಸರಿ, ಮುಗೀತು. ಆದರೆ ಮೇಲಿನವನು ಇವನನ್ನ ತಳ್ಳಿದ, ಇವನು ಕೆಳಗಿನವನ ಮೇಲೆ ಬಿದ್ದ. ಕೆಳಗೆ ಇಳಿಯುತ್ತಾ ತಪ್ಪು ಕಡಿಮೆಯಾಗುತ್ತೆ ನಿಜ, ನಷ್ಟ ಮಾತ್ರ ಕಡಿಮೆಯಾಗಲ್ಲ.

ಇಷ್ಟೆಲ್ಲ ದೂರದ ಆಟಗಾರರ ಬಗ್ಗೆ ಬರೆಯೋದು ಸುಲಭ. ಈಗ ನನ್ನ ಕುರ್ಚಿಗೆ ಬರ್ತೀನಿ.

ನಾನು ಬೀಲ್‌ಗೆ ಹೋದದ್ದು ಕೆಟಿಗೆ. ಐಟಿಯಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯವರು ಮಾಡ್ತಿದ್ದ ಕೆಲಸ ಕಲಿತುಕೊಂಡು ಬೆಂಗಳೂರಿಗೆ ತರೋದು. ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ತಿದ್ದ ಸಾಫ್ಟ್‌ವೇರನ್ನ ನನಗೆ ಕಲಿಸಿ ಮುಗಿಸಿದ ದಿನ ಅವರ ಕೆಲಸ ಮುಗಿಯುವುದಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನೂ ನನಗೆ ನಾನೇ ಅದೇ ವಾದ ಹೇಳಿಕೊಂಡಿದ್ದೆ. ನಾನಲ್ಲದಿದ್ದರೆ ಇನ್ನೊಬ್ಬ ಬರ್ತಿದ್ದ. ನಿರ್ಧಾರ ನನ್ನದಲ್ಲ. ಬರಲ್ಲ ಅಂದಿದ್ದರೆ ನನ್ನ ಕೆಲಸವೇ ಹೋಗ್ತಿತ್ತು, ಮನೆ ಸಾಲದ ಕಂತು ನಿಲ್ಲೋದಿಲ್ಲ. ಎಲ್ಲ ನಿಜ. ಜೊತೆಗೆ, ನನ್ನ ಹತ್ತಿರ ವಾಪಸ್ ಟಿಕೆಟ್ ಇತ್ತು. ಅವರದು ಅದೇ ಊರು, ಅದೇ ಒಂದು ಕುರ್ಚಿ.

ಆ ರಾತ್ರಿ ನಾಲ್ಕು ಕುರ್ಚಿಯ ಲೆಕ್ಕ ಹೇಳುವಾಗ ಅವರು ನನ್ನನ್ನೂ ಸೇರಿಸಿ ಹೇಳಿದರಾ? ಗೊತ್ತಿಲ್ಲ. ಅವರು ಚುಚ್ಚಿ ಮಾತಾಡುವ ಮನುಷ್ಯ ಅಲ್ಲ. ಮಾರನೇ ದಿನ ಎಂದಿನಂತೆ ಎಂಟು ಗಂಟೆಗೆ ಬಂದು, ಪ್ರೋಗ್ರಾಮಿನಲ್ಲಿ ಯಾವ ಕಾಗದದಲ್ಲೂ ಬರೆಯದ ಒಂದು ಸೂಕ್ಷ್ಮವನ್ನ ನನಗೆ ತೋರಿಸಿಕೊಟ್ಟರು. ಮುಚ್ಚಿಟ್ಟುಕೊಂಡಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಜನವರಿ 6ಕ್ಕೆ ಎನ್‌ಎಚ್‌ಎಲ್ ಮಾತುಕತೆ ಕುದುರಿತು. ಪಾಲು ಐವತ್ತು-ಐವತ್ತು. 510 ಪಂದ್ಯಗಳು ಹೋಗಿದ್ದವು, 82ರ ಬದಲು ತಂಡಕ್ಕೆ 48 ಪಂದ್ಯಗಳ ಸೀಸನ್ 19ಕ್ಕೆ ಶುರುವಾಯ್ತು. ಕೇನ್, ಸೆಗಿನ್ ಇಬ್ಬರೂ ಬೀಲ್ ಬಿಟ್ಟು ಹೊರಟರು. ಊರಿಗೆ ಬೇಜಾರಾಯ್ತು, ಸಿಟ್ಟು ಬರಲಿಲ್ಲ. ಬೇಸಿಗೆಯ ಹೊತ್ತಿಗೆ ನಾನೂ ಹೊರಟೆ. ಮೇಷ್ಟ್ರು ಸ್ಟೇಷನ್ನಿಗೆ ಬಂದು ಒಂದು ಪೊಟ್ಟಣ ಚಾಕಲೇಟ್ ಕೊಟ್ಟರು. ನಾನು ‘ಥ್ಯಾಂಕ್ಸ್’ ಅಂದೆ. ಅದು ಚಾಕಲೇಟಿಗಾ, ಮಿಕ್ಕಿದ್ದಕ್ಕಾ, ನನಗೇ ಸ್ಪಷ್ಟವಿರಲಿಲ್ಲ.

ಆ ಜೂನಿನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ಲಿಗೆ ಬಂದದ್ದು ಶಿಕಾಗೋ ಮತ್ತು ಬೋಸ್ಟನ್. ಅಂದ್ರೆ ನವೆಂಬರಿನಲ್ಲಿ ಒಂದೇ ಅಂಗಿ ತೊಟ್ಟಿದ್ದ ಇಬ್ಬರು ಎದುರುಬದುರು. ಶಿಕಾಗೋ ಗೆದ್ದಿತು, ಪ್ಲೇಆಫ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಕೇನ್‌ಗೆ ಬಂತು. ಮೇಷ್ಟ್ರಿಂದ ಒಂದು ಸಾಲಿನ ಮೇಲ್ ಬಂತು: ‘ನಮ್ಮ ಹುಡುಗರನ್ನ ನೋಡಿದೆಯಾ?’

ನಮ್ಮ ಹುಡುಗರು. ಕುರ್ಚಿಯ ಲೆಕ್ಕ ಹಾಕಿದ ಮನುಷ್ಯನೇ ಹಾಗೆ ಬರೆದಿದ್ದರು.

ಅವತ್ತು ಹನ್ನೊಂದು ತಿಂಗಳಲ್ಲಿ ಕೇಳದ್ದನ್ನ ಕೇಳಿದೆ. ನಿಮಗೆ ಕೆಲಸ ಸಿಕ್ಕಿತಾ, ಹೇಗಿದ್ದೀರಿ ಅಂತ. ನನ್ನ ಕೈಲಿ ಆಗೋದೇನಾದರೂ ಇದ್ದರೆ ಹೇಳಿ, ಶಿಫಾರಸು ಪತ್ರ ಬರೆದುಕೊಡಬಲ್ಲೆ ಅಂತಲೂ ಬರೆದೆ. ಮೂರು ದಿನ ಬಿಟ್ಟು ಉತ್ತರ ಬಂತು. ವಾರಕ್ಕೆರಡು ದಿನ ಶಾಲೆಯೊಂದರ ಕಂಪ್ಯೂಟರ್ ನೋಡಿಕೊಳ್ತಿದ್ದಾರಂತೆ. ಪತ್ರ ಬರೆದುಕೊಡು, ಉಪಯೋಗಕ್ಕೆ ಬರಬಹುದು ಅಂದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: ರಾತ್ರಿ ಓಡುವ ಆ ಹಳೇ ಪ್ರೋಗ್ರಾಮು ಸರಿಯಾಗಿ ಓಡ್ತಿದೆಯಾ?

ಓಡ್ತಿತ್ತು. ಒಂದು ಸಾಲೂ ಬದಲಾಯಿಸಿಲ್ಲ, ನೀವು ಬರೆದದ್ದೇ ಓಡ್ತಿದೆ ಅಂತ ಉತ್ತರ ಬರೆದೆ. ಪತ್ರವನ್ನೂ ಅವತ್ತೇ ಕಳಿಸಿದೆ.