ಹಿತ್ತಲಿನ ಬಿಲವೂ ಅಹಿಂಸಾಣುವ್ರತವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸುವ ಶ್ರಾವಕನು ಆರನೆಯ ದಿನ ಉತ್ತಮ ಸಂಯಮಧರ್ಮವನ್ನು ಪೂಜಿಸುತ್ತಾನೆ. ಸಂಯಮವು ಇಂದ್ರಿಯಸಂಯಮ, ಪ್ರಾಣಿಸಂಯಮವೆಂದು ಎರಡು ವಿಧ. ಉಪವಾಸದಿಂದ ಮೊದಲನೆಯದು ಸಾಧಿಸೀತು. ಎರಡನೆಯದರ ಪರೀಕ್ಷೆ ಬಹುಸಲ ನಡೆಯುವುದು ಮನೆಯ ಹಿತ್ತಲಿನಲ್ಲಿ.

ಗದಗ ಜಿಲ್ಲೆಯ ಅಬ್ಬಿಗೇರಿ ಎರೆಭೂಮಿಯ ಸೀಮೆಯ ಊರು. ಸಮೀಪದ ನರೇಗಲ್ಲಿನಲ್ಲಿ ಹತ್ತನೆಯ ಶತಮಾನದಲ್ಲಿಯೇ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಬಸದಿಯನ್ನು ಕಟ್ಟಿಸಿದಳಾದ್ದರಿಂದ ಜಿನಧರ್ಮಕ್ಕೆ ಈ ನೆಲ ಹೊಸತಲ್ಲ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹೊಲದ ಬಿಲಗಳಿಗೆ ನೀರು ನುಗ್ಗಿತೆಂದರೆ ಇಲಿ ಹೆಗ್ಗಣಗಳು ಎತ್ತರದ ಬದುವನ್ನೂ, ಬಣವೆಯ ಬುಡವನ್ನೂ, ಹಿತ್ತಲ ಗೋಡೆಯನ್ನೂ ಅರಸಿ ಬರುತ್ತವೆ. ಹೀಗೆ ಮುನಿಗಳು ಸಂಚಾರ ನಿಲ್ಲಿಸುವ ಚಾತುರ್ಮಾಸದಲ್ಲಿಯೇ ಇವುಗಳ ಸಂಚಾರ ಹೆಚ್ಚುತ್ತದೆ. ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಿರಿಯರಿಗೂ ಈ ಕಾಟವಿತ್ತು.

ಅಂತಹ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಾಯಿ ದಶಲಕ್ಷಣದ ಉಪವಾಸಕ್ಕೆ ನಿಯಮ ತೆಗೆದುಕೊಂಡಿದ್ದಾಳೆ. ಮಗನು ಒಕ್ಕಲುತನದವನು. ಶೇಂಗಾ ಚೀಲಗಳು ತೂತಾಗಿವೆ, ಹಿತ್ತಲ ಗೋಡೆಯ ಬುನಾದಿ ಟೊಳ್ಳಾಗಿದೆ. ಗೋಡೆ ಕುಸಿದರೆ ಅದರ ಪಕ್ಕದಲ್ಲಾಡುವ ಮಕ್ಕಳ ಗತಿಯೇನೆಂಬ ಭಯ ಅವನದು. ಆ ಭಯ ಸುಳ್ಳಲ್ಲ. ಅವನು ಪೇಟೆಯಿಂದ ಇಲಿಪಾಷಾಣ ತಂದು ಆಳಿನ ಕೈಗೆ ಕೊಡಹೊರಡುತ್ತಾನೆ.

“ಅವ್ವಾ, ಉಪವಾಸ ಹಿಡದಾಕಿ ನೀನು, ಔಷಧ ಇಡಾಂವ ಆಳು. ನಿನಗೇನು ದೋಷ ಬಂತು?”

“ಇಡಾಕ ಹೇಳಾಂವ ನೀನಲ್ಲೇನಪ್ಪಾ? ನಾಳೆ ಮುಂಜಾನೆ ಸತ್ತದ್ದು ನೋಡಿ ‘ಪೀಡಾ ಹೋತು’ ಅಂತ ನನ್ನ ಮನಸ್ಸು ಅಂದರ, ನನ್ನ ಉಪವಾಸ ಏನ್ ಉಳೀತು?”

ಓದುಬರಹ ಅರಿಯದ ತಾಯಿಯೂ ಆಡಬಹುದಾದ ಈ ಮಾತಿನಲ್ಲಿ ಶ್ರಾವಕಾಚಾರದ ತಿರುಳೇ ಇದೆ. ಮನೋವಾಕ್ಕಾಯಗಳಿಂದ ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಈ ಮೂರು ದಾರಿಗಳಲ್ಲಿಯೂ ತ್ರಸಜೀವಿಯನ್ನು ಸಂಕಲ್ಪಪೂರ್ವಕ ಕೊಲ್ಲದಿರುವುದೇ ಅಹಿಂಸಾಣುವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವಿಧಿಸಿದ್ದಾರೆ. ಇಲಿಯಾದರೋ ಮನಸ್ಸುಳ್ಳ ಪಂಚೇಂದ್ರಿಯ ಜೀವ.

ಗೃಹಸ್ಥನಿಗೆ ಉದ್ಯೋಗೀ ಹಿಂಸೆ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವಲ್ಲವೆ, ಇದೂ ಅದೇ ಎಂದು ಕೆಲವರು ವಾದಿಸುತ್ತಾರೆ. ವಾದವು ನಿಲ್ಲದು. ಉಳುವವನಿಗೆ ಬೆಳೆ ಬೇಕು, ಹುಳುವಿನ ಸಾವು ಬೇಕಿಲ್ಲ; ಪಾಷಾಣವಿಡುವವನಿಗೆ ಸಾವೇ ಬೇಕು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪವೇ ತಾಯಿಮಕ್ಕಳನ್ನು ಭವಭವಗಳಲ್ಲಿ ಅಲೆಸಿತು.

ಪಾಷಾಣದ ಕೃತ್ಯವನ್ನೂ ತಿಳಿದಿರಬೇಕು. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಜಠರದ ಆಮ್ಲದೊಡನೆ ಕೂಡಿ ಫಾಸ್ಫೀನ್ ಎಂಬ ವಿಷವಾಯುವಾಗುತ್ತದೆ. ಬಿಲದಲ್ಲಿಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಮಣ್ಣಿನ ತೇವದಿಂದಲೇ ಆ ವಾಯುವನ್ನು ಬಿಡುತ್ತದೆ. ಅದು ಮನುಷ್ಯನ ದೇಹವನ್ನು ಸೇರಿದರೂ ಪ್ರತಿವಿಷವಿಲ್ಲ. ಬಿಲದಲ್ಲಿ ಇಲಿಯ ಜೊತೆ ಕಪ್ಪೆಯೋ ಹಾವೋ ಸೇರಿಕೊಂಡಿದ್ದರೆ ಅವೂ ಸಾಯುತ್ತವೆ. ಉಳಿದ ಪುಡಿಯನ್ನು ನೆರೆಯವನಿಗೆ ಕೊಡುವುದು ಹಿಂಸಾದಾನವೆಂಬ ಅನರ್ಥದಂಡ. ಕೊಲ್ಲುವ ಉಪಾಯ ಹೇಳಿಕೊಡುವುದು ಪಾಪೋಪದೇಶ.

ಹಾಗಾದರೆ ಗೃಹಸ್ಥನು ಗೋಡೆ ಬೀಳಲೆಂದು ಕೈಕಟ್ಟಿ ಕೂಡಬೇಕೆ? ಅದು ಪ್ರಮಾದ. ಬಿಲ ಯಾರದೆಂದು ಮೊದಲು ನೋಡಲಿ. ಬಾಯಿಯ ಬಳಿ ಹೊಸ ಮಣ್ಣಿನ ದೊಡ್ಡ ಗುಪ್ಪೆಯಿದ್ದರೆ ಬಹುಮಟ್ಟಿಗೆ ಹೆಗ್ಗಣದ್ದು. ಅದರ ಸಣ್ಣ ಜಾತಿಯೊಂದು ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡು ಒಳಗೆ ಕಾಳು ಕೂಡಿಡುತ್ತದೆ. ಚಿಕ್ಕ ರಂಧ್ರ ಸಣ್ಣ ಇಲಿಯದು. ಉದ್ದ ಮೂತಿಯ, ನಾರುವ ಸೊಂಡಿಲಿ ಹುಳುಹುಪ್ಪಟೆಗಳನ್ನು ತಿನ್ನುವಂಥದು. ಚೀಲ ಕಡಿದ ತಪ್ಪನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ಹಾವು ತಾನು ತೋಡದೆ ಇಲಿಯ ಬಿಲವನ್ನೇ ಸೇರುವುದರಿಂದ ಯಾವ ಬಿಲಕ್ಕೂ ಕೈಹಾಕಬಾರದು. ಸಂಜೆ ಬಾಯಿಗೆ ಸಡಿಲ ಮಣ್ಣು ಎಳೆದು ಬಿಟ್ಟರೆ, ವಾಸವಿರುವ ಬಿಲ ಬೆಳಗಿಗೆ ತೆರೆದಿರುತ್ತದೆ. ಒಂದು ರಾತ್ರಿಯ ಗುರುತು ಸಾಲದು, ನಾಲ್ಕಾರು ದಿನ ನೋಡಬೇಕು. ಮರಿಗಳು ಕಣ್ಣಿಲ್ಲದೆ, ಕೂದಲಿಲ್ಲದೆ ಹುಟ್ಟುತ್ತವೆ. ವಾಸವಿರುವ ಬಿಲವನ್ನು ಅಗೆದರೂ, ಅದಕ್ಕೆ ನೀರು ಹೊಯ್ದರೂ, ಮೆಣಸಿನಕಾಯಿಯ ಹೊಗೆ ಹಾಕಿದರೂ ಮೊದಲು ಅಳಿಯುವವು ಅವೇ.

ಅನ್ನ ದೊರೆಯದಲ್ಲಿ ಇಲಿ ಬಹುಕಾಲ ನಿಲ್ಲದು. ಕಾಳನ್ನು ತಗಡಿನ ಡಬ್ಬಿಗಳಿಗೆ ತುಂಬಬೇಕು. ಬಣವೆಯನ್ನು ಗೋಡೆಯಿಂದ ದೂರ, ಕಲ್ಲಿನ ಕಟ್ಟೆಯ ಮೇಲೆ ಒಟ್ಟಬೇಕು. ಕುಳ್ಳು ಕಟ್ಟಿಗೆಗಳ ರಾಶಿಯನ್ನು ನೆಲದಿಂದ ಮೇಲೆತ್ತಬೇಕು. ಸೂರ್ಯಾಸ್ತದ ಮೊದಲೇ ಉಣ್ಣುವ ಮನೆಯಲ್ಲಿ ರಾತ್ರಿ ಎಂಜಲು ಬೀಳದು. ಅನಸ್ತಮಿತ ವ್ರತದ ಈ ಫಲವನ್ನು ಎಣಿಸುವವರು ಕಡಿಮೆ. ಬರಿದಾದ ಬಿಲಕ್ಕೆ ಕಲ್ಲುಚೂರು ಜಡಿದು, ಮೇಲೆ ಗಚ್ಚು ಹಾಕಬೇಕು.

ಬೋನು ಕಡೆಯ ಉಪಾಯ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ ಐದು ಅತಿಚಾರಗಳನ್ನು ಹೇಳುತ್ತದೆ. ಇಲಿಯನ್ನು ಬೋನಿನಲ್ಲಿ ಮರೆತು ಬಸದಿಗೆ ಹೋದವನಿಗೆ ಮೊದಲನೆಯದೂ ಕಡೆಯದೂ ಒಟ್ಟಿಗೆ ತಗಲುತ್ತವೆ. ಕಾಳು ನೀರು ಒಳಗಿರಬೇಕು, ನಸುಕಿಗೇ ಬಿಡಬೇಕು, ಅದೂ ಮತ್ತೊಬ್ಬನ ಕಣದಲ್ಲಲ್ಲ.

ಆ ಮಗನು ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸಿದನೆನ್ನೋಣ. ಗೋಡೆಗೆ ತತ್ಕಾಲಕ್ಕೆ ಎರಡು ಊರುಗೋಲು ಕೊಟ್ಟು, ಮಕ್ಕಳನ್ನು ಅತ್ತ ಬಿಡದೆ, ಶೇಂಗಾ ಚೀಲಗಳನ್ನು ಪಡಸಾಲೆಯ ಅಟ್ಟಕ್ಕೇರಿಸಿದನು. ತಾಯಿಯ ಪಾರಣೆಯಾದ ಮೇಲೂ ಮೂರು ಬಿಲಗಳಲ್ಲಿ ಎರಡು ಮಾತ್ರ ಬರಿದಾಗಿದ್ದವು. ಮೂರನೆಯದರ ಬಾಯಲ್ಲಿ ಪ್ರತಿ ಮುಂಜಾನೆ ಹೊಸ ಮಣ್ಣು ಬೀಳುತ್ತಿತ್ತು. ಗೌಂಡಿಗೆ ದೀಪಾವಳಿ ಕಳೆದು ಬರುವಂತೆ ಹೇಳಿ ಕಳುಹಿಸಿದರು.