ಹಿಗ್ಗಿದ ಹೃದಯ

ಹೃದಯದ ಎಡ ಕೆಳಕೋಣೆಯ ಸ್ನಾಯು ಸೊರಗಿ, ಗೋಡೆ ತೆಳುವಾಗಿ, ಕೋಣೆ ಹಿಗ್ಗುವ ಕಾಯಿಲೆಗೆ ವೈದ್ಯರು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಆರೋಗ್ಯವಂತ ಹೃದಯ ಆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡ 55ರಿಂದ 70ರಷ್ಟನ್ನು ಪ್ರತಿ ಬಡಿತಕ್ಕೂ ಹೊರದೂಡುತ್ತದೆ. ಹಿಗ್ಗಿದ ಹೃದಯದಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಶೇಕಡ 40ಕ್ಕಿಂತ ಕೆಳಗಿರುತ್ತದೆ, ಕೆಲವರಲ್ಲಿ 20ಕ್ಕೂ ಇಳಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಮಲಗಿದವರು ಉಸಿರು ಕಟ್ಟಿ ಎದ್ದು ಕೂರುತ್ತಾರೆ. ಸಂಜೆ ಪಾದದ ಗಂಟಿನ ಬಳಿ ಹೆಬ್ಬೆರಳೊತ್ತಿ ತೆಗೆದರೆ ಗುಳಿ ಹಾಗೇ ಉಳಿದು, ಮೆಲ್ಲಗೆ ತುಂಬಿಕೊಳ್ಳುತ್ತದೆ. ಕನ್ನಡದಲ್ಲಿ ಎದೆ ಹಿಗ್ಗುವುದೆಂದರೆ ಸಂತೋಷ, ಎದೆಗುಂದುವುದೆಂದರೆ ಧೈರ್ಯಗೆಡುವುದು. ಇಲ್ಲಿ ಹಿಗ್ಗಿದಷ್ಟೂ ಎದೆ ಕುಂದುತ್ತದೆ. ‘ಹಾರ್ಟ್ ವೀಕ್ ಆಗಿದೆ’ ಎಂಬ ಮಾತು ರೋಗಿಯ ಕಿವಿಗೆ ಸ್ನಾಯುವಿನ ವರದಿಯಾಗಿ ಬೀಳುವುದಿಲ್ಲ. ಮನುಷ್ಯನೇ ಸೋತ ಎಂಬ ತೀರ್ಪಾಗಿ ಬೀಳುತ್ತದೆ. ಧರ್ಮಗಳ ಭಾಷೆಗೂ ಇದರಲ್ಲಿ ಪಾಲಿದೆ.

ಆ ಭಾಷೆ ಹೃದಯವನ್ನು ಹೇಗೆ ಕಾಣುತ್ತದೆಂದು ನೋಡಲು ಪುಣೆಯ ಕ್ಯಾಂಪಿಗೆ ಹೋಗೋಣ; ಅದು ಹಳೆಯ ದಂಡುಪ್ರದೇಶ. ಡೇವಿಡ್ ಸಸೂನ್ ಹೆಸರಿನೊಂದಿಗೆ ಬೆಸೆದುಕೊಂಡ ಕೆಂಪಿಟ್ಟಿಗೆಯ ಯಹೂದಿ ಮಂದಿರ ‘ಲಾಲ್ ದೇವಳ್’ ಅಲ್ಲಿದೆ. 1931ರಲ್ಲಿ ತೀರಿಕೊಂಡ ಸೂಫಿ ಹಜರತ್ ಬಾಬಾಜಾನ್ ಬೇವಿನ ಮರದಡಿ ವರ್ಷಗಟ್ಟಲೆ ಕೂತಿದ್ದ ಜಾಗದ ದರ್ಗಾವೂ ಅಲ್ಲೇ ಇದೆ. ಯಹೂದಿಗಳ ‘ಲೇವ್’ ಎಂದರೆ ಹೃದಯ, ಯೋಚಿಸುವ, ನಿರ್ಧರಿಸುವ ಮನಸ್ಸೂ ಹೌದು. ಸೂಫಿಗಳ ‘ಕಲ್ಬ್’ ಹೊರಳುವುದು ಎಂಬ ಧಾತುವಿಗೆ ಸೇರಿದ್ದು. ದೇವರ ಕಡೆಗೆ ಹೊರಳುವುದೇ ಹೃದಯ. ಬೃಹದಾರಣ್ಯಕ ಉಪನಿಷತ್ತು ‘ಹೃದಯಂ’ ಪದವನ್ನು ಮೂರು ಅಕ್ಷರಗಳಾಗಿ ಬಿಡಿಸುತ್ತದೆ: ‘ಹೃ’ ಎಂದರೆ ತರುವುದು, ‘ದ’ ಎಂದರೆ ಕೊಡುವುದು, ‘ಯಂ’ ಎಂದರೆ ಹೋಗುವುದು. ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದ್ದು 1628ರಲ್ಲಿ. ಉಪನಿಷತ್ತು ಅದನ್ನು ಮೊದಲೇ ಕಂಡಿತ್ತು ಎನ್ನುವುದು ತಪ್ಪು; ಅದು ಹೇಳಿದ್ದು ಬೇರೆ. ಆದರೂ ತರುವುದು, ಕೊಡುವುದು, ಹೋಗುವುದು ಮೂರೂ ಕುಂದಿದ ಹೃದಯವಿರುವವರಿಗೆ ಆ ಪದ ಹೆಚ್ಚೇ ತಟ್ಟುತ್ತದೆ.

ಹಾಗಾದರೆ ಹೃದಯ ಕುಂದಿದರೆ ಆತ್ಮವೂ ಕುಂದುತ್ತದೆಯೆ? ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತುತ್ತದೆ. ದೇಹವೆಂಬ ಪುರದೊಳಗೆ ಕಮಲದಂಥ ಸಣ್ಣ ಮನೆ, ಅದರೊಳಗೆ ಸಣ್ಣ ಆಕಾಶ. ಪುರವೇ ಮುಪ್ಪಾಗಿ ಕುಸಿದರೆ ಉಳಿಯುವುದೇನು ಎಂದು ಶಿಷ್ಯರು ಕೇಳಿದರೆ, ದೇಹದ ಮುಪ್ಪಿನಿಂದ ಅದು ಮುಪ್ಪಾಗದು ಎಂದು ಗುರು ಉತ್ತರಿಸಬೇಕು. ಉಪನಿಷತ್ತು ಬೊಟ್ಟು ಮಾಡುವುದು ಮನೆಯ ಗೋಡೆಗಲ್ಲ, ಒಳಗಿನ ಬಯಲಿಗೆ. ಹೃದಯ ಕಸಿಯನ್ನೇ ನೋಡಿ: 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್, 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಒಬ್ಬರ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿಟ್ಟರು. ಹೀಗೆ ಹೃದಯ ಪಡೆದವರು ಎಚ್ಚರಾದಾಗ ತಮ್ಮ ಮಕ್ಕಳ ಹೆಸರನ್ನೂ ತಮ್ಮ ಇಷ್ಟದೈವವನ್ನೂ ಮರೆತಿರುವುದಿಲ್ಲ. ‘ನಾನು’ ಎಂಬುದು ಆ ಸ್ನಾಯುವಿನಲ್ಲಿಲ್ಲ. ಹಾಗೆಂದು ದೇಹವನ್ನು ಕಡೆಗಣಿಸುವುದೂ ಸಲ್ಲದು. ದೇಹವನ್ನೇ ದೇಗುಲವೆಂದ ಬಸವಣ್ಣನವರ ನಾಡಿನಲ್ಲಿ ಕಂಬ ಬಿರಿದರೆ ದುರಸ್ತಿ ಮಾಡಿಸುವುದೂ ಪೂಜೆಯೇ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಯಾವ ಪಾಪಕ್ಕೆ ಈ ಶಿಕ್ಷೆ? ವೈದ್ಯಶಾಸ್ತ್ರ ಹೇಳುವ ಕಾರಣಗಳು ಹಲವು: ವೈರಸ್ ಸೋಂಕು, ದೀರ್ಘಕಾಲದ ಮದ್ಯಪಾನ, ಕೆಲವು ಕ್ಯಾನ್ಸರ್ ಔಷಧಿ, ಹೆರಿಗೆಯ ಆಸುಪಾಸಿನ ತಿಂಗಳುಗಳು. ಕುಟುಂಬದಲ್ಲಿ ಹರಿದು ಬರುವುದೂ ಉಂಟು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಭಾರತೀಯರಲ್ಲಿ ಸುಮಾರು ಶೇಕಡ 4 ಮಂದಿಯ ಒಂದು ಹೃದಯ-ಪ್ರೋಟೀನಿನ ಜೀನಿನಲ್ಲಿ 25 ಡಿಎನ್ಎ ಅಕ್ಷರಗಳು ಬಿಟ್ಟುಹೋಗಿವೆ; ಇದು ಹೃದಯಸ್ನಾಯು ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ. ಸಾವಿರಾರು ವರ್ಷಗಳಿಂದ ಇಳಿದುಬಂದ ಅಕ್ಷರಲೋಪ ಯಾರೊಬ್ಬರ ತಪ್ಪೂ ಅಲ್ಲ. ಕರ್ಮಸಿದ್ಧಾಂತವನ್ನು ನಂಬುವವರೂ ಅದು ಎಲ್ಲಿ ಬಂತೆಂದು ನೋಡಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಅದು ಬರುವುದು ದೇವರಿಗೆ ಪಕ್ಷಪಾತ, ನಿರ್ದಯತೆ ಅಂಟದು ಎಂದು ವಾದಿಸಲು. ದೇವರ ಪರ ಹೂಡಿದ ವಾದವನ್ನು ನೆರೆಹೊರೆಯವರು ರೋಗಿಯ ಮೇಲಿನ ಆರೋಪಪಟ್ಟಿ ಮಾಡಿಕೊಳ್ಳುವುದು ಶಾಸ್ತ್ರಕ್ಕೂ ದಯೆಗೂ ದೂರ.

ಇನ್ನು ಬಾಳುವೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ವೈದ್ಯರಿಗೆ ತಿಳಿಸಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಟ್ಟೆಯಿಂದ ಇಳಿಯುತ್ತವೆ. ಉಪವಾಸದ ಪ್ರಶ್ನೆ ಬರುವುದು ಇಲ್ಲಿ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ನಿರ್ಜಲ ಏಕಾದಶಿ ಹಿಡಿದರೆ ರಕ್ತದೊತ್ತಡ ಕುಸಿದು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಧರ್ಮಶಾಸ್ತ್ರ ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಹಣ್ಣು, ಹಾಲಿನ ಜೊತೆ ಔಷಧವನ್ನೂ ಸೇರಿಸಿದೆ. ಕುರ್‌ಆನ್ ರಮ್ಜಾನಿನ ಉಪವಾಸದಲ್ಲಿ ರೋಗಿಗೆ ವಿನಾಯಿತಿ ಕೊಡುತ್ತದೆ. ಜೀವ ಉಳಿಸಲು ಸಬ್ಬತ್ತಿನ ನಿಯಮ ಮುರಿಯಬಹುದೆಂಬುದು ಯಹೂದಿ ಧರ್ಮದ ತತ್ತ್ವ. ವಿನಾಯಿತಿ ಪಡೆಯುವುದು ಭಕ್ತಿಯ ಕೊರತೆಯಲ್ಲ, ಭಕ್ತಿಯೊಳಗೇ ಇರುವ ನಿಯಮ.

ಯಾತ್ರೆಯ ಮಾತೂ ಹೀಗೆಯೇ. ಆಷಾಢದ ವಾರಿ ಎಂಬ ಪಾದಯಾತ್ರೆಯಲ್ಲಿ ಆಳಂದಿಯ ಜ್ಞಾನೇಶ್ವರ ಪಾಲಕಿಯೂ ದೇಹುವಿನ ತುಕಾರಾಮ ಪಾಲಕಿಯೂ ಪುಣೆಯಲ್ಲಿ ತಂಗಿ, ಕ್ಯಾಂಪ್ ಅಂಚಿನ ಪುಲ್‌ಗೇಟ್ ದಾಟಿ ಹಡಪ್ಸರ್ ಕಡೆಗೆ ಹೊರಡುತ್ತವೆ. ಅಲ್ಲಿಂದ ಪಂಢರಪುರದವರೆಗೆ ವಾರಗಳ ನಡಿಗೆ; ಜ್ಞಾನೇಶ್ವರ ಪಾಲಕಿಯ ಹಾದಿಯಲ್ಲಿ ದಿವೇಘಾಟಿನ ಏರು. ಪುರಂದರದಾಸರು ಅಂಕಿತದಲ್ಲಿಟ್ಟುಕೊಂಡ ಅದೇ ವಿಠ್ಠಲನ ಯಾತ್ರೆ ಇದು. ಕುಂದಿದ ಹೃದಯ ಆ ಏರನ್ನು ತಾಳದೆ ಇರಬಹುದು. ದಿಂಡಿ ಎಂಬ ಯಾತ್ರಿಕರ ತಂಡ ಸಾಗುವಾಗ ರಸ್ತೆಬದಿಯ ಕುರ್ಚಿಯಲ್ಲಿ ಕೂತು ಕೈಮುಗಿದವರ ಸೇವೆ ನಡೆದವರದಕ್ಕಿಂತ ಕಡಿಮೆಯಲ್ಲ.

ಇಂದು ನಾಲ್ಕು ಬಗೆಯ ಔಷಧಿಗಳನ್ನು ಒಟ್ಟಿಗೆ ಕೊಡುತ್ತಾರೆ. ಅನೇಕರಲ್ಲಿ ಹೃದಯ ಮತ್ತೆ ಚೇತರಿಸಿಕೊಳ್ಳುತ್ತದೆ. ಚೇತರಿಸಿತೆಂದು ಮಾತ್ರೆ ಬಿಟ್ಟರೆ ಕಾಯಿಲೆ ಮರಳಬಹುದು. ಶಾಪವೆಂಬ ಹೆದರಿಕೆಯಿಂದ, ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಎಷ್ಟೋ ಮನೆಗಳು ಇದನ್ನು ಮುಚ್ಚಿಡುತ್ತವೆ. ಮುಚ್ಚಿಟ್ಟದ್ದು ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಯದೆ ಹೋಗುತ್ತದೆ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರೂ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಲಿ.